ಲೆಟಸ್ ಸುಳಿಯಲ್ಲಿ ಹೇನು ಎಣಿಸಿದ ವರ್ಷ

ಲೆಟಸ್ ಎಂಬ ಸೊಪ್ಪನ್ನು ಮೊದಲ ಸಲ ಕಂಡಾಗ ಇದಕ್ಕೆ ಇಷ್ಟು ಗತ್ತು ಯಾಕೆ ಅನ್ನಿಸಿತ್ತು. ರುಚಿ ಇಲ್ಲ, ಘಮ ಇಲ್ಲ, ಬೇಯಿಸಿದರೆ ಬರೀ ನೀರು. ಉಡುಪಿ ಕಡೆಯ ಹರಿವೆ, ಬಸಳೆ ತಿಂದು ಬೆಳೆದವಳಿಗೆ ಇದು ಸೊಪ್ಪಿನ ಜಾತಿಗೆ ಸೇರಿದ್ದೇ ಎಂಬ ಅನುಮಾನ. ಅಂಥ ಸೊಪ್ಪಿನ ಹೊಟ್ಟೆ ಬಗೆದು ಹುಳ ಎಣಿಸುವುದೇ ನನ್ನ ಹೊಟ್ಟೆಪಾಡಾಗುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ಜಗಳಕ್ಕೇ ಹೋಗುತ್ತಿದ್ದೆ. ಇವಳಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಸುಮ್ಮನೆ ಹೇಳುತ್ತಿರಲಿಲ್ಲ.

ಎರಡು ಸಾವಿರದ ಹತ್ತರ ನಂತರದ ಮೊದಲ ವರ್ಷಗಳು ಅವು. ನಾನು ಊರಿನಲ್ಲಿ ಕೃಷಿ ಪದವಿ ಮುಗಿಸಿ, ಬೆಂಗಳೂರಿನವರನ್ನು ಮದುವೆಯಾಗಿ ಮೆಲ್ಬರ್ನ್‌ಗೆ ಬಂದಿದ್ದೆ. ಗ್ಲೆನ್ ವೇವರ್ಲಿಯಲ್ಲಿ ಒಂದು ಮನೆಯ ಹಿಂಭಾಗದ ಎರಡು ಕೋಣೆ ನಮ್ಮ ಸಂಸಾರ. ನನಗೆ ಸಿಕ್ಕಿದ ತರಬೇತಿಯೋ ಆ ನಗರದ ಇನ್ನೊಂದು ತುದಿಯಲ್ಲಿ, ಸಮುದ್ರದ ಬದಿಯ ತರಕಾರಿ ಹೊಲಗಳಲ್ಲಿ. ಎರಡು ರೈಲು, ಒಂದು ಬಸ್ಸು ಬದಲಾಯಿಸಿ ಅಲ್ಲಿ ಮುಟ್ಟುವಷ್ಟರಲ್ಲಿ ಅರ್ಧ ದಿನದ ಆಯಾಸ ಆಗಿರುತ್ತಿತ್ತು. ಕಲಿಸುತ್ತಿದ್ದವರು ಆಯುಷ್ಯವೆಲ್ಲ ಬೆಳೆಯ ಹುಳ ಎಣಿಸಿಕೊಂಡೇ ಬಂದ ಒಬ್ಬ ಹೆಂಗಸು. ಹಳದಿ ಅಂಟು ಹಾಳೆಗಳನ್ನು ಸಾಲುಗಳ ನಡುವೆ ನೆಡುವುದು, ಅದಕ್ಕೆ ಅಂಟಿದ ಹುಳಗಳನ್ನು ವಾರಕ್ಕೊಮ್ಮೆ ಭೂತಗನ್ನಡಿಯಲ್ಲಿ ನೋಡಿ ಬರೆಯುವುದು, ಎಲ್ಲ ಹೇಳಿಕೊಟ್ಟರು. ಆದರೆ ಅವರ ಮುಖ್ಯ ಪಾಠ ಒಂದೇ. ಹೊಲದಲ್ಲಿ ಓರೆಯಾಗಿ ನಡೆ, ಇಂತಿಷ್ಟು ಹೆಜ್ಜೆಗೆ ನಿಲ್ಲು, ಬಲಗೈ ಪಕ್ಕ ಯಾವ ಗಿಡ ಇದೆಯೋ ಅದನ್ನೇ ಕತ್ತರಿಸು.

"ಆರಿಸಬೇಡ," ಎಂದಿದ್ದರು. "ನೀನು ಆರಿಸಿದರೆ ಅದು ಹೊಲದ ಸುದ್ದಿ ಆಗುವುದಿಲ್ಲ, ನಿನ್ನ ಸುದ್ದಿ ಆಗುತ್ತದೆ."

ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

ಗಿಡವನ್ನು ಕತ್ತರಿಸಿಯೇ ನೋಡಬೇಕಾದ್ದಕ್ಕೆ ಕಾರಣ ಉಂಟು. ಲೆಟಸ್ಸಿಗೆ ಹತ್ತುವ, ರಸ ಹೀರುವ ಗಿಡಹೇನುಗಳಲ್ಲಿ ಒಂದು ಜಾತಿ ಮಹಾ ಕಳ್ಳ. ಹೊರಗಿನ ಎಲೆಗಳನ್ನು ಮುಟ್ಟುವುದೇ ಇಲ್ಲ. ಎಲೆಕೋಸಿನ ಹಾಗೆ ಗಡ್ಡೆ ಕಟ್ಟುವ ಲೆಟಸ್ಸಿನ ಒಳಗೆ, ನಡು ಸುಳಿಯಲ್ಲಿ, ಸಂಸಾರ ಹೂಡುತ್ತದೆ. ಮೊದಮೊದಲು ಹೊರಗಿನಿಂದ ನೋಡಿದರೆ ಗಿಡ ಮದುಮಗಳ ಹಾಗಿರುತ್ತದೆ; ಬಿಡಿಸಿದರೆ ಒಳಗೆ ಗಿಜಿಗಿಜಿ. ಅಲ್ಲಿಗೆ ಮದ್ದು ಸರಿಯಾಗಿ ಇಳಿಯುವುದಿಲ್ಲ. ಈ ಹೇನು ಹತ್ತದ ತಳಿಗಳು ಆಗಲೇ ಬಂದಿದ್ದವು, ಆದರೆ ಕೆಲವರು ಹಳೆಯ ತಳಿಯನ್ನು ಬಿಡಲು ಒಪ್ಪುತ್ತಿರಲಿಲ್ಲ.

ಅಂಥವರಲ್ಲಿ ಒಬ್ಬರು ನನಗೆ ಸಿಡ್ನಿಯಲ್ಲಿ ಸಿಕ್ಕಿದ ಬೆಳೆಗಾರರು. ಗಂಡನಿಗೆ ಸಿಡ್ನಿಯಲ್ಲಿ ಕೆಲಸವಾಗಿ ನಾವು ಬ್ಲ್ಯಾಕ್‌ಟೌನ್‌ಗೆ ಬಂದಿದ್ದೆವು. ಮಾರ್ಸ್ಡನ್ ಪಾರ್ಕ್ ಎಂಬ ಬಡಾವಣೆ ದಾಟಿ ಸ್ವಲ್ಪ ದೂರದಲ್ಲಿ ಅವರ ಹೊಲ. ಅವರ ಅಪ್ಪ ಅಮ್ಮ ಮಾಲ್ಟಾ ದ್ವೀಪದಿಂದ ಬಂದು ಕೊಂಡ ನೆಲ. ಅವರು ಅಲ್ಲೇ ಹುಟ್ಟಿ, ಅಲ್ಲೇ ತರಕಾರಿ ಬೆಳೆಸಿ, ಎಪ್ಪತ್ತು ದಾಟಿದ್ದರು. ಹೆಸರು ಹಿಡಿದು ಕರೆ ಅಂದರು. ಅಪ್ಪನಿಗಿಂತ ದೊಡ್ಡವರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಗೆ ಏಳಲಿಲ್ಲ. ಮನಸ್ಸಿನಲ್ಲಿ ಅಜ್ಜ ಎಂದುಕೊಂಡು, ಎದುರಿಗೆ ಏನೂ ಕರೆಯದೆ ಕಾಲ ತಳ್ಳಿದೆ.

ಸುತ್ತಲಿನ ಹೊಲಗಳೆಲ್ಲ ಮಾರಿಹೋಗಿ, ಹೊಸ ಮನೆಗಳ ಬೂದು ಬಣ್ಣದ ಚಾವಣಿಗಳು ಅವರ ಬೇಲಿಯವರೆಗೆ ಬಂದಿದ್ದವು. ಆ ವರ್ಷ ಬೇಸಗೆ ಮುಗಿದರೂ ಮಳೆ ಇಲ್ಲ. ದೇಶದ ನಡುವಿನ ಮರುಭೂಮಿ ಕಡೆಯಿಂದ ಬಿಸಿಗಾಳಿ ಬೀಸಿದ ದಿನ ಎಲೆಯ ಅಂಚು ಸುಟ್ಟು ಕಂದಾಗುತ್ತಿತ್ತು. ಗಾಳಿಯ ಜತೆಗೇ ಒಣಗಿದ ಹುಲ್ಲುಗಾವಲುಗಳ ಹುಳಗಳೆಲ್ಲ ನೀರು ಇದ್ದಲ್ಲಿಗೆ ಹಾರಿ ಬರುತ್ತಿದ್ದವು. ಅಜ್ಜ ನೀರು ಹಾಯಿಸುತ್ತ, "ಮರುಭೂಮಿಯಲ್ಲಿ ಲೆಟಸ್ ಬೆಳೆಯುತ್ತಿದ್ದೇನೆ, ನನಗೆ ಹುಚ್ಚು," ಎನ್ನುತ್ತಿದ್ದರು.

ನನ್ನ ಕೆಲಸ ವಾರಕ್ಕೊಂದು ಬೆಳಿಗ್ಗೆ. ಇಪ್ಪತ್ತು ಗಡ್ಡೆ ಕತ್ತರಿಸಿ, ಎಷ್ಟರಲ್ಲಿ ಹೇನು ಇದೆ ಎಂದು ಬರೆದುಕೊಡುವುದು. ಅಜ್ಜನ ನಿಯಮ ಸರಳವಾಗಿತ್ತು: ಇಪ್ಪತ್ತರಲ್ಲಿ ಮೂರರವರೆಗೆ ಪರವಾಗಿಲ್ಲ, ಅದಕ್ಕಿಂತ ಹೆಚ್ಚಾದರೆ ಮದ್ದು. ಅವರಿಂದ ಕೊಂಡು, ತೊಳೆದು ಹೆಚ್ಚಿ ಪ್ಯಾಕೆಟ್ ಮಾಡುತ್ತಿದ್ದ ಸಾಲಡ್ ಶೆಡ್ಡಿನವರು ಹುಳ ಕಂಡರೆ ಲಾರಿಯನ್ನೇ ತಿರುಗಿಸಿ ಕಳಿಸುತ್ತಿದ್ದರು.

ಕತ್ತರಿಸಿದ ಮೇಲೆ ಆ ಗಡ್ಡೆಗಳನ್ನು ಹೊಲದಲ್ಲೇ ಎಸೆದು ಬರಬೇಕು. ನನಗೆ ಅದಾಗುತ್ತಿರಲಿಲ್ಲ. ಹೇನು ಇಲ್ಲದ ಎಲೆಗಳನ್ನೆಲ್ಲ ಚೀಲಕ್ಕೆ ತುಂಬಿ ಮನೆಗೆ ತರುತ್ತಿದ್ದೆ. ಲೆಟಸ್ ತಂಬುಳಿ, ಲೆಟಸ್ ಪಲ್ಯ, ತೊಗರಿಬೇಳೆ ಹಾಕಿ ಲೆಟಸ್ ಹುಳಿ, ಅಕ್ಕಿಹಿಟ್ಟಿಗೆ ಕಲಸಿ ಲೆಟಸ್ ರೊಟ್ಟಿ.

"ಇವತ್ತೂ ಲೆಟಸ್ಸೇನಾ? ನಾನೇನು ಮೊಲಾನಾ?" ಎಂದು ಗಂಡ ತಟ್ಟೆ ನೋಡಿ ಕೇಳಿದರು.

"ಮೊಲ ಆದ್ರೆ ಗಲಾಟೆ ಇಲ್ಲದೆ ತಿಂತಿತ್ತು ಮಾರಾಯ್ರೆ," ಎಂದೆ.

ಆ ಶರತ್ಕಾಲ, ಅಂದರೆ ಅಲ್ಲಿಯ ಮಾರ್ಚ್ ತಿಂಗಳು, ಹೊಲದಲ್ಲಿ ಬೇರೆ ಬೇರೆ ವಾರ ನೆಟ್ಟ ಎರಡು ಬ್ಲಾಕುಗಳಲ್ಲಿ ಮೊದಲನೆಯದರಲ್ಲಿ ನನ್ನ ಎಣಿಕೆ ಆರಕ್ಕೆ ಹೋಯಿತು. ಅಜ್ಜ ಮದ್ದು ಹೊಡೆದರು. ಮುಂದಿನ ವಾರ ಏಳು, ಮತ್ತೆ ಹೊಡೆದರು. ಅದರ ಮುಂದಿನ ವಾರ ಒಂಬತ್ತು. ಮೂರನೇ ಸಲ ಹೊಡೆದರೂ ಹೇನು ಬಗ್ಗಲಿಲ್ಲ. ಕೊನೆಗೆ ಆ ಬ್ಲಾಕಿನಲ್ಲಿ ಅರ್ಧಕ್ಕರ್ಧ ಗಡ್ಡೆಗಳು ಮಾರುವಂತಿಲ್ಲದೆ ಟ್ರ್ಯಾಕ್ಟರಿನಡಿ ಮಣ್ಣು ಸೇರಿದವು. ಉಳುವಾಗ ಅಜ್ಜ ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ಇಳಿದು ಬಂದು ನನಗೆ ಹೇಳಿದರು: "ಎರಡನೇ ಬ್ಲಾಕೂ ಹೀಗೇ ಆದರೆ ಸಾಕು. ಚಳಿಗಾಲದ ಬೆಳೆಗೆ ಈಸ್ಟರ್ ಒಳಗೆ ನರ್ಸರಿಗೆ ಸಸಿ ಹೇಳಬೇಕು. ಹೇಳುವುದಿಲ್ಲ. ಒಂದು ಸಲ ನಿಲ್ಲಿಸಿದರೆ ನನ್ನ ವಯಸ್ಸಿನಲ್ಲಿ ಮತ್ತೆ ಶುರು ಇಲ್ಲ."

ಎರಡನೇ ಬ್ಲಾಕಿಗೆ ಇನ್ನೂ ಮದ್ದು ಬಿದ್ದಿರಲಿಲ್ಲ. ಆ ಗುರುವಾರ ಅಲ್ಲಿ ಎಣಿಸಿದೆ: ಇಪ್ಪತ್ತರಲ್ಲಿ ಎಂಟು. ಅಜ್ಜ ಕಾಗದ ನೋಡಿ ಮಡಚಿ ಜೇಬಿಗಿಟ್ಟರು. ಮಂಗಳವಾರ ಮದ್ದು ಹೊಡೆಯುತ್ತೇನೆ ಎಂದರು. ನರ್ಸರಿಯ ಮಾತೇ ಎತ್ತಲಿಲ್ಲ.

ಭಾನುವಾರ ಬ್ಲ್ಯಾಕ್‌ಟೌನ್‌ನಲ್ಲಿ ನಮ್ಮ ಕಡೆಯವರೆಲ್ಲ ಸೇರಿ ಯುಗಾದಿ ಊಟ ಇಟ್ಟುಕೊಂಡಿದ್ದರು. ಕೋಸಂಬರಿ ನನ್ನ ಪಾಲಿಗೆ ಬಂದಿತ್ತು; ಅದಕ್ಕೂ ಲೆಟಸ್ಸೇ ಹೆಚ್ಚಿ ಹಾಕುವುದೆಂದಿದ್ದೆ. ಅದನ್ನು ಕೇಳಿ ಅಜ್ಜ ಶನಿವಾರ ನನ್ನನ್ನು ಕರೆಸಿ, ಎರಡನೇ ಬ್ಲಾಕಿಗೆ ನಡೆದು, ಒಂದು ಸಾಲು ಹಿಡಿದು ಒಂದನ್ನೂ ಬಿಡದೆ ಹನ್ನೆರಡು ಗಡ್ಡೆ ಕೊಯ್ದು ಪೆಟ್ಟಿಗೆ ತುಂಬಿಕೊಟ್ಟರು. ಕಟಾವಿಗೆ ಇನ್ನೂ ಹತ್ತು ದಿನ ಇದ್ದ ಎಳೆಯ ಗಡ್ಡೆಗಳು. "ಹೇನು ಇದೆ ಅಂತ ನೀನೇ ಬರೆದಿದ್ದೀಯಲ್ಲ, ಚೆನ್ನಾಗಿ ತೊಳೆದುಕೋ," ಎಂದರು.

ಭಾನುವಾರ ಬೆಳಿಗ್ಗೆ ಸಿಂಕಿನ ಮುಂದೆ ನಿಂತು ಒಂದೊಂದೇ ಗಡ್ಡೆ ಬಿಡಿಸಿದೆ. ಮೊದಲನೆಯದರಲ್ಲಿ ಏನೂ ಇಲ್ಲ. ಎರಡನೆಯದು, ಮೂರನೆಯದು, ಇಲ್ಲ. ಆರನೆಯದಕ್ಕೆ ಬರುವಾಗ ಭೂತಗನ್ನಡಿ ತಂದುಕೊಂಡೆ. ಒಂಬತ್ತನೆಯದರ ಸುಳಿಯಲ್ಲಿ ಮೂರು ಹೇನು ಸಿಕ್ಕವು. ಮತ್ತೆ ಹನ್ನೆರಡರವರೆಗೂ ಇಲ್ಲ.

"ಒಂದೇ ಒಂದರಲ್ಲಿ ಉಂಟು," ಎಂದೆ.

ಗಂಡ ಸೌತೆಕಾಯಿ ಹೆಚ್ಚುತ್ತಿದ್ದರು. "ಒಳ್ಳೇದಾಯ್ತಲ್ಲ. ಅಷ್ಟು ಜನರ ಮುಂದೆ ಕೋಸಂಬ್ರಿಯಿಂದ ಹುಳ ಎದ್ದು ಬಂದಿದ್ರೆ ಮರ್ಯಾದೆ ಏನಾಗ್ಬೇಕಿತ್ತು?"

"ಒಳ್ಳೇದಲ್ಲ ಮಾರಾಯ್ರೆ. ನನ್ನ ಲೆಕ್ಕ ಸರಿ ಇದ್ರೆ ಇದರಲ್ಲಿ ನಾಲ್ಕೈದರಲ್ಲಿ ಇರ್ಬೇಕಿತ್ತು."

ಆಗ ನನ್ನ ಕೈಯಲ್ಲಿ ಹನ್ನೆರಡನೆಯ ಗಡ್ಡೆ ಇತ್ತು. ತುಂಬಾ ಚೆಂದದ್ದು, ಎಲ್ಲಿಯೂ ಒಂದು ಕಲೆ ಇಲ್ಲ. ಇಂಥದೊಂದನ್ನು ನಾನು ಹೊಲದಲ್ಲಿ ಕತ್ತರಿಸಿದ್ದು ಯಾವಾಗ ಎಂದು ಯೋಚಿಸಿದೆ. ನೆನಪಾಗಲಿಲ್ಲ. ಯಾಕೆಂದರೆ ಕತ್ತರಿಸಿಯೇ ಇರಲಿಲ್ಲ.

ನಮ್ಮ ಮನೆಯ ಹಿತ್ತಲಲ್ಲಿ ಅಮ್ಮ ಹರಿವೆ ಬೆಳೆಸುತ್ತಿದ್ದರು. ಕೊಯ್ಯಲು ನಮ್ಮನ್ನು ಕಳಿಸುವಾಗ ಒಂದೇ ಮಾತು: ತೂತು ಬಿದ್ದದ್ದು ಮನೆಗೆ, ಇಡಿಯದ್ದು ಊರಿಗೆ. ಹುಳ ತಿಂದ ಗಿಡ, ಸೊಟ್ಟ ಗಿಡ, ಮುದುಡಿದ ಗಿಡ ನಮ್ಮ ಸಾರಿಗೆ. ನೆಟ್ಟಗೆ ನಿಂತದ್ದು ಯಾರಿಗಾದರೂ ಕೊಡಲು, ದೇವರಿಗೆ, ನೆಂಟರಿಗೆ. ಒಳ್ಳೆಯ ಗಿಡಕ್ಕೆ ಕೈ ಹಾಕಿದರೆ ಬೆನ್ನಿಗೆ ಬೀಳುತ್ತಿತ್ತು. ಇಲ್ಲಿ ಹೊಲದಲ್ಲಿ ಹೆಜ್ಜೆ ಎಣಿಸಿ ನಿಂತಾಗ ಬಲಗೈ ಪಕ್ಕ ಚೆಂದದ ಗಡ್ಡೆ ಇದ್ದರೆ ನನ್ನ ಕೈ ತಾನಾಗಿ ಅದನ್ನು ದಾಟಿ ಪಕ್ಕದ ಬಡವನ ಮೇಲೆ ಹೋಗುತ್ತಿತ್ತು. ಹೇಗೂ ಕತ್ತರಿಸಿ ಹಾಳು ಮಾಡುವುದು ತಾನೇ, ಮಾರಲಾಗದ್ದನ್ನೇ ಮಾಡೋಣ ಎಂಬ ಮಹಾ ಉಪಕಾರಬುದ್ಧಿ. ಮುದುಡಿದ ಗಿಡ ಎಷ್ಟೋ ಸಲ ಮುದುಡಿದ್ದೇ ಸುಳಿಯಲ್ಲಿ ಹೆಚ್ಚಿದ ಹೇನಿನಿಂದ ಎಂದು ಪದವಿ ಓದಿದವಳಿಗೆ ಹೊಳೆಯಲಿಲ್ಲ. ಮೊದಲ ಬ್ಲಾಕಿನಲ್ಲಿ ನಿಜವಾಗಿ ಒಂದೋ ಎರಡೋ ಇದ್ದಿರಬೇಕು. ನಾನು ಆರು ಎಂದು ಬರೆದೆ. ಅಜ್ಜ ಮದ್ದು ಹೊಡೆದರು. ಮದ್ದಿಗೆ ಸತ್ತದ್ದು ಸುಳಿಯೊಳಗಿನ ಹೇನಲ್ಲ, ಹೇನನ್ನು ತಿನ್ನುವ, ಕೆಂಪು ಬೆನ್ನಿಗೆ ಕಪ್ಪು ಚುಕ್ಕೆಯ ಗುಲಗಂಜಿ ಹುಳುಗಳು. ತಿನ್ನುವವರು ಹೋದ ಮೇಲೆ ಹೇನು ನಿಜವಾಗಿಯೂ ಹೆಚ್ಚಿತು. ಕಾಯಲು ಇಟ್ಟ ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ನಾಚಿಕೆಗಿಂತ ಮೊದಲು ಬಂದದ್ದು ಭಯ.

"ಒಂದು ಬ್ಲಾಕು ನನ್ನಿಂದ ಹೋಯ್ತು," ಎಂದು ಗಂಡನಿಗೆ ಎಲ್ಲ ಹೇಳಿದೆ.

ಅವರು ಚಾಕು ಕೆಳಗಿಟ್ಟರು. "ನಾಳೆಯಿಂದ ಸರಿಯಾಗಿ ಕೌಂಟ್ ಮಾಡು, ಮುಗೀತು. ಹೇಳ್ಲೇಬೇಕು ಅಂತೇನಿದೆ? ನಮ್ಮ ರೆಂಟ್ ನೆನಪಿದೆ ತಾನೇ? ಇಲ್ಲೇ ಉಳಿಯೋ ಪಿಆರ್ ವೀಸಾಗೆ ಅವ್ರ ಲೆಟರ್ ಬೇರೆ ಬೇಕು."

"ಹೇಳದಿದ್ರೆ ಮಂಗಳವಾರ ಮದ್ದು ಹೊಡೀತಾರೆ. ಈ ಬ್ಲಾಕೂ ಹೋಗ್ತದೆ. ಮತ್ತೆ ಅವರು ನೆಡುವುದೇ ಇಲ್ಲ."

ಹೆಚ್ಚಿದ ಸೌತೆಕಾಯಿಯನ್ನು ಪಾತ್ರೆಗೆ ಸುರಿದು ಅವರು ಹೇಳಿದರು: "ಹಾಗಾದ್ರೆ ನಾಳೆ ನಾನೇ ಕಾರಲ್ಲಿ ಬಿಡ್ತೀನಿ. ಒಬ್ಳೇ ಹೋದ್ರೆ ದಾರೀಲಿ ಮನಸ್ಸು ಬದಲಾಯಿಸ್ತೀಯ."

ಯುಗಾದಿ ಊಟದಲ್ಲಿ ನನಗೆ ಗೊತ್ತಾದದ್ದು ಬೇವಿನ ರುಚಿ ಮಾತ್ರ. ಕೋಸಂಬರಿ ಚೆನ್ನಾಗಿದೆ ಎಂದು ಮೂರು ಆಂಟಿಯರು ಹೊಗಳಿದರು.

ಸೋಮವಾರ ಅಜ್ಜ ಬರುವ ಮುಂಚೆಯೇ ಎರಡನೇ ಬ್ಲಾಕಿಗಿಳಿದೆ. ಹೆಜ್ಜೆ ಎಣಿಸಿ ನಿಂತಲ್ಲಿ ಕಣ್ಣು ಮುಚ್ಚಿ ಕೈ ಇಳಿಸಿದೆ. ಒಳ್ಳೆಯ ಗಡ್ಡೆ ಕೈಗೆ ಬಂದರೂ ಬಿಡದೆ ಕತ್ತರಿಸಿದೆ. ಇಪ್ಪತ್ತರಲ್ಲಿ ಎರಡು. ಎಲೆಗಳ ನಡುವೆ ಗುಲಗಂಜಿ ಹುಳುಗಳೂ ಇದ್ದವು, ಅವುಗಳ ಮುಳ್ಳುಮುಳ್ಳಾದ ಕಪ್ಪು ಮರಿಗಳೂ ಇದ್ದವು. ಅವನ್ನು ನೋಡಿ ನನಗೆ ಅಳು ಬಂತು.

ಅಜ್ಜ ಶೆಡ್ಡಿನಲ್ಲಿ ಸ್ಪ್ರೇಯರಿನ ನಳಿಕೆಗಳನ್ನು ತೊಳೆಯುತ್ತಿದ್ದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಹರಿವೆಯ ಕಥೆಯನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವರು ಉತ್ತು ಬಿಟ್ಟ ಮೊದಲ ಬ್ಲಾಕಿನ ಕಡೆ ನೋಡಿದರು.

"ಆರು ವಾರ ನೀರು ಹಾಯಿಸಿದ್ದೆ ಅದಕ್ಕೆ," ಎಂದರು.

"ಗೊತ್ತು," ಎಂದೆ.

"ಗೊತ್ತಿಲ್ಲ. ಗೊತ್ತಿದ್ದರೆ ಗಿಡ ಆರಿಸುತ್ತಿದ್ದೆಯಾ?" ಅವರ ಮುಖ ಕೆಂಪಾಗಿತ್ತು. ನಾನು ಸಾಮಾನ್ಯವಾಗಿ ಇಂಥ ಮಾತಿಗೆ ತಿರುಗಿ ಕೊಡುವವಳು. ಆ ದಿನ ಮಾತ್ರ ಕೆಲಸ ಹೋಯಿತು ಎಂದುಕೊಂಡೇ ನಿಂತಿದ್ದೆ. ಅವರು ಕೈ ಒರೆಸಿಕೊಂಡು, "ಕತ್ತಿ ತೆಗೆದುಕೋ," ಎಂದರು.

ಅವರು ಮುಂದೆ ನಡೆದರು. ತಾವೇ ಹೆಜ್ಜೆ ಎಣಿಸಿ, ಬೂಟಿನ ತುದಿ ಯಾವ ಗಿಡಕ್ಕೆ ತಾಗಿತೋ ಅದನ್ನು ಕತ್ತರಿಸು ಎಂದರು. ಇನ್ನೂ ಇಪ್ಪತ್ತು. ಸಿಕ್ಕಿದ್ದು ಎರಡರಲ್ಲೇ. ಮಂಗಳವಾರ ಮದ್ದು ಹೊಡೆಯಲಿಲ್ಲ. ನರ್ಸರಿಗೆ ಫೋನೂ ಮಾಡಲಿಲ್ಲ. "ನೋಡೋಣ," ಎಂದರು ಅಷ್ಟೇ.

ಗುರುವಾರ ಎಣಿಸಿದಾಗ ನಾಲ್ಕಾಗಿತ್ತು. ನಿಯಮದ ಗೆರೆ ದಾಟಿತ್ತು. ಅಜ್ಜ ಸ್ಪ್ರೇಯರನ್ನು ಟ್ರ್ಯಾಕ್ಟರಿಗೆ ಜೋಡಿಸಿಯೇ ಇಟ್ಟಿದ್ದರು. ನಾನು ಹೊಲದಿಂದಲೇ ಮೆಲ್ಬರ್ನ್‌ಗೆ, ನನಗೆ ಕಲಿಸಿದ ಹೆಂಗಸಿಗೆ ಫೋನು ಮಾಡಿ ನನ್ನ ಘನಕಾರ್ಯವನ್ನು ಒಪ್ಪಿಸಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ.

"ಎಲ್ಲರೂ ಆರಿಸುತ್ತಾರೆ," ಎಂದರು. "ಕೆಲವರು ಚೆಂದದ್ದನ್ನು, ಕೆಲವರು ಕೆಟ್ಟದ್ದನ್ನು. ಒಪ್ಪಿಕೊಳ್ಳುವವರು ಕಡಿಮೆ. ಹೇನು ಇರುವ ನಾಲ್ಕು ಗಡ್ಡೆಗಳಲ್ಲಿ ಗುಲಗಂಜಿ ಮರಿ ಎಷ್ಟರಲ್ಲಿದೆ?"

"ಮೂರರಲ್ಲಿ."

"ಹಾಗಾದರೆ ನಾಲ್ಕು ದಿನ ಕಾಯಲು ಹೇಳು. ಮನಸ್ಸು ಗಟ್ಟಿ ಮಾಡಿಕೊಳ್ಳಿ, ಇಬ್ಬರೂ."

ಅಜ್ಜನಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಒಂದು ಬ್ಲಾಕು ತಿಂದವಳ ಮಾತು ಕೇಳಿ ಇನ್ನೊಂದನ್ನೂ ಕೊಡಬೇಕಾ ಎಂದರು. ಆಗ ಮಾತ್ರ ನನ್ನ ಕೋಪ ಮೂಗಿನ ತುದಿಗೆ ವಾಪಸ್ ಬಂತು. ಹೇನು ಇದ್ದ ಒಂದು ಗಡ್ಡೆಯನ್ನು ಅವರ ಕೈಗೆ ಕೊಟ್ಟು, ಭೂತಗನ್ನಡಿಯನ್ನೂ ಕೊಟ್ಟು, ನೀವೇ ನೋಡಿ, ನನ್ನ ಮಾತು ಬೇಡ, ಎಂದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು. ಗುಲಗಂಜಿ ಮರಿಯೊಂದು ಹೇನನ್ನು ಹಿಡಿದು ಹೀರುತ್ತಿತ್ತು. ಅದು ಮುಗಿಸಿ ಪಕ್ಕದ್ದಕ್ಕೆ ಹೋಗುವವರೆಗೂ ಅಜ್ಜ ಕಣ್ಣು ತೆಗೆಯಲಿಲ್ಲ. ಇಷ್ಟು ವರ್ಷ ಬೆಳೆಸಿದವರು ಇದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲವಂತೆ. ನಾಲ್ಕು ದಿನ ಎಂದರು, ಐದಿಲ್ಲ.

ಆ ನಾಲ್ಕು ದಿನ ನಾನು ಮನೆಯಲ್ಲಿ ಮನುಷ್ಯರ ಹಾಗೆ ಇರಲಿಲ್ಲ. ಗಂಡ ಪಾಪ, ತಾವಾಗಿಯೇ ಲೆಟಸ್ ಪಲ್ಯ ಮಾಡು ಎಂದರು.

ಸೋಮವಾರ ಇಬ್ಬರೂ ಮತ್ತೆ ಇಳಿದೆವು. ಅವರು ಹೆಜ್ಜೆ, ನಾನು ಕತ್ತಿ. ಹತ್ತರವರೆಗೆ ಏನೂ ಇಲ್ಲ. ಹದಿಮೂರನೆಯದರಲ್ಲಿ ಹೇನು ಸಿಕ್ಕಿತು. ಇಪ್ಪತ್ತು ಮುಗಿದಾಗ ಒಂದೇ. ನಾಲ್ಕು ಹೋಗಿ ಒಂದಾಗಿತ್ತು, ಒಂದು ಹನಿ ಮದ್ದಿಲ್ಲದೆ. ಅಜ್ಜ ನಗಲಿಲ್ಲ. ಕತ್ತರಿಸಿದ ಗಡ್ಡೆಗಳ ನಡುವೆ ಸಾಲಿನಲ್ಲೇ ಕೂತುಬಿಟ್ಟರು. ನಾನೂ ಕೂತೆ.

"ನಿನಗೊಂದು ಹೇಳಬೇಕು," ಎಂದರು ಕೊನೆಗೆ. "ಮೊದಲ ಬ್ಲಾಕಿನಲ್ಲಿ ನೀನು ಆರು ಎಂದ ವಾರ ನಾನೂ ನಡೆದು ನೋಡಿದ್ದೆ. ನನಗೆ ಅಷ್ಟು ಕಾಣಲಿಲ್ಲ. ಇಷ್ಟು ವರ್ಷದ ಕಣ್ಣು, ಸುಳ್ಳು ಹೇಳುವುದಿಲ್ಲ. ಆದರೂ ನಿನ್ನ ಕಾಗದವನ್ನೇ ನಂಬಿದೆ. ದಣಿದಿದ್ದೆ. ನಿಲ್ಲಿಸು ಎಂದು ಬೇರೆ ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೆ."

ಈಗಲೂ ನಿಲ್ಲಿಸಬಹುದಲ್ಲ ಎಂದೆ. ತಪ್ಪು ಲೆಕ್ಕಕ್ಕೆ ಹೆದರಿ ನಿಲ್ಲಿಸುವುದು ಬೇಡ, ದಣಿದಿದ್ದರೆ ದಣಿದದ್ದಕ್ಕೆ ನಿಲ್ಲಿಸಿ ಎಂದೆ. ಅವರು ಕೈಯಲ್ಲಿದ್ದ ಗಡ್ಡೆಯ ಸುಳಿ ಕಿತ್ತು ಬಾಯಿಗೆ ಹಾಕಿಕೊಂಡು ಅಗಿದರು. ಆಮೇಲೆ ಎದ್ದು ಶೆಡ್ಡಿಗೆ ಹೋಗಿ ಮೊದಲ ಬ್ಲಾಕಿನ ನಷ್ಟದ ಹಾಳೆ ತಂದು ನನ್ನ ಮುಂದಿಟ್ಟರು. ಪ್ರತಿ ಬ್ಲಾಕು ಮುಗಿದ ಮೇಲೆ ಎಷ್ಟು ಹೋಯಿತು, ಯಾಕೆ ಹೋಯಿತು ಎಂದು ನಾನೇ ತುಂಬಬೇಕಾದ ಹಾಳೆ ಅದು. ಕಾರಣ ಎಂಬಲ್ಲಿ ನಾನು ಹೇನು ಎಂದು ಬರೆದಿದ್ದೆ. ತಿದ್ದು ಎಂದರು.

ಆ ಪದವನ್ನು ಹೊಡೆದುಹಾಕಿ ಮುಂದೆ ಬರೆದೆ: ಎಣಿಸಿದವಳು.

ಅಜ್ಜ ಓದಿ ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಅದರ ಪಕ್ಕದಲ್ಲಿ, ಮಣ್ಣು ಮೆತ್ತಿದ ಬೆರಳುಗಳಲ್ಲಿ ನಿಧಾನವಾಗಿ ಸೇರಿಸಿದರು: ಮತ್ತು ನಂಬಿದವನು. ಆಮೇಲೆ ಜೇಬಿನಿಂದ ಫೋನು ತೆಗೆದು ನರ್ಸರಿಯವರಿಗೆ ಎರಡು ಬ್ಲಾಕಿಗಾಗುವಷ್ಟು ಸಸಿ ಹೇಳಿದರು.